ವಾರಕ್ಕೊಂದು ಎಂದು ನಾನು ಹೇಳಿರಲಿಲ್ಲ

ಎಲ್ಲರೂ ಮಾಸ್ಟರ್ ಎಂದು ಕರೆಯುವ ನಾನು, ವಯಸ್ಸು 54 ವರ್ಷ, ಕೋಟು ಹೊಲಿಯುವ ದರ್ಜಿ, ಅಂಗಡಿ ಹಳೆಯ ಚಿತ್ರಮಂದಿರದ ಹಿಂಬೀದಿಯ ಮೂರು ಮಹಡಿ ಕಟ್ಟಡದ ನೆಲಮಾಳಿಗೆಯಲ್ಲಿ, ವಾಸ ಅದೇ ಅಂಗಡಿಯ ಹಿಂದಿನ ಕೋಣೆಯಲ್ಲಿ, ಈ ದಿನ ಫೆಬ್ರವರಿ 15ರಂದು ಮಧ್ಯಾಹ್ನ 3-10 ಗಂಟೆಗೆ ಠಾಣೆಗೆ ನಾನಾಗಿಯೇ ಬಂದು, ಯಾರ ಬಲವಂತವೂ ಇಲ್ಲದೆ ತಿಳಿಸಿಕೊಳ್ಳುವುದು ಈ ಕೆಳಗಿನಂತಿದೆ.

ನಾನು ಮದುವೆಯಾಗಿಲ್ಲ. ನನ್ನ ಅಕ್ಕ, ವಯಸ್ಸು 63, ಅದೇ ಕಟ್ಟಡದ ಎರಡನೇ ಮಹಡಿಯಲ್ಲಿ ಮಗ ಮತ್ತು ಸೊಸೆಯ ಜೊತೆ ಇದ್ದಾಳೆ. ನನ್ನ ಎರಡು ಹೊತ್ತಿನ ಊಟ ಅಲ್ಲೇ. ಅಕ್ಕನ ಮಗ ಸರಕಿನ ಲಾರಿ ಓಡಿಸುತ್ತಾನೆ, ವಾರದಲ್ಲಿ ಎರಡು ದಿನ ಮನೆಯಲ್ಲಿದ್ದರೆ ಹೆಚ್ಚು. ಸೊಸೆ, ವಯಸ್ಸು 27, ಮುಖ್ಯ ಬೀದಿಯ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ನಿನ್ನೆಯೂ ಇವತ್ತೂ ವಿಚಾರಣೆಗೆಂದು ಕರೆಸಿ ಈ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂರಿಸಿರುವುದು ಅವಳನ್ನೇ. ಅತ್ತೆಯ ಹಾಲಿನಲ್ಲಿ ಏನೋ ಬೆರೆಸಿ ಕುಡಿಸಿ ಜೀವ ತೆಗೆಯಲು ನೋಡಿದಳೆಂದು ಅವಳ ಗಂಡನೇ ದೂರು ಕೊಟ್ಟಿದ್ದಾನೆ. ಬೆರೆಸಿದ್ದು ನಿಜ. ಬೆರೆಸಿದ್ದು ವಿಟಮಿನ್ ಡಿ ಪುಡಿ. ಅದನ್ನು ತಂದುಕೊಟ್ಟವನು ನಾನು. ದಿನವೂ ಬೆರೆಸು ಎಂದವನೂ ನಾನು. ವಾರಕ್ಕೊಂದು ಎಂದು ಹೇಳಿದ್ದೆನೆಂದು ಆಸ್ಪತ್ರೆಯಲ್ಲಿ ಎಲ್ಲರ ಮುಂದೆ ನಾನು ಹೇಳಿದ್ದು ಸುಳ್ಳು. ಅದು ಹೇಗಾಯಿತು ಎಂಬುದನ್ನು ಮೊದಲಿನಿಂದ ಹೇಳುತ್ತೇನೆ.

ನಮ್ಮ ಅಂಗಡಿಗೆ ಇರುವುದು ಒಂದೇ ಕಿಟಕಿ, ಸೂರಿಗೆ ತಾಗಿದಂತೆ, ಒಂದಡಿ ಎತ್ತರ, ಎರಡಡಿ ಅಗಲ. ಅದರಲ್ಲಿ ಬೀದಿಯಲ್ಲಿ ಹೋಗಿಬರುವವರ ಕಾಲು ಕಾಣುತ್ತದೆ, ಬಿಸಿಲು ಕಾಣುವುದಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಕೂತರೆ ಕತ್ತಲಾಗುವವರೆಗೆ ಟ್ಯೂಬ್‌ಲೈಟಿನ ಕೆಳಗೆ ನಾನು, ಹೊಲಿಗೆಯವರಿಬ್ಬರು, ಇಸ್ತ್ರಿಯವನು ಮತ್ತು ಅಕ್ಕ. ಅಕ್ಕನದು ಕಾಜಾ ಹಾಕುವ ಕೆಲಸ, ಅಂದರೆ ಗುಂಡಿ ತೂರುವ ಸೀಳಿನ ಸುತ್ತ ಕೈಯಲ್ಲೇ ರೇಷ್ಮೆ ದಾರದಿಂದ ಹೊಲಿಯುವುದು. ಬೀದಿಗೆಲ್ಲ ಅವಳು ಕಾಜಾ ಅಕ್ಕ. ಮಷೀನಿನ ಕಾಜಾ ಕಂಡರೆ, ಇದೇನಿದು ಇಲಿ ಕಡಿದಿದೆಯಾ ಎನ್ನುವವಳು. ನನ್ನ ಅಂಗಡಿಗೆ ಗಿರಾಕಿಗಳು ಮೆಟ್ಟಿಲಿಳಿದು ಬರುತ್ತಿದ್ದದ್ದು ಆ ಕಾಜಾಕ್ಕಾಗಿ, ನನ್ನ ಕತ್ತರಿಗಾಗಿ ಅಲ್ಲ. ಇಷ್ಟು ವರ್ಷ ಅವಳ ಮುಂದೆ ಇದನ್ನು ಒಪ್ಪಿಕೊಂಡವನಲ್ಲ. ವಿಷಯಕ್ಕೆ ಬನ್ನಿ ಎಂದು ಸಾಹೇಬರು ಹೇಳಿದ್ದರಿಂದ ವಿಷಯಕ್ಕೆ ಬರುತ್ತೇನೆ.

ಹೋದ ವರ್ಷ ಬೇಸಿಗೆಯಲ್ಲಿ ನನಗೆ ಸೊಂಟ ಹಿಡಿದುಕೊಂಡಿತು. ಕತ್ತರಿಸುವ ಮೇಜಿನ ಮೇಲೆ ಬಗ್ಗಿದರೆ ಏಳಲು ಇಸ್ತ್ರಿಯವನು ಕೈ ಕೊಡಬೇಕಾಗಿತ್ತು. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ವಿಟಮಿನ್ ಡಿ ತಳ ಮುಟ್ಟಿದೆ, ನೀವು ಬಿಸಿಲಲ್ಲಿ ಓಡಾಡುವುದೇ ಇಲ್ಲವೇ ಎಂದು ಕೇಳಿದರು. ಅರವತ್ತು ಸಾವಿರ ಯೂನಿಟ್ಟಿನ ಪುಡಿಯ ಪೊಟ್ಟಣ ಬರೆದುಕೊಟ್ಟರು. ವಾರಕ್ಕೊಂದರಂತೆ ಎಂಟು ವಾರ ಹಾಲಿನಲ್ಲಿ ಕುಡಿದು ನಿಲ್ಲಿಸಬೇಕು, ಆಮೇಲೆ ಮತ್ತೆ ಪರೀಕ್ಷೆ ಮಾಡಿಸಬೇಕು ಎಂದರು. ಕುಡಿದೆ, ನಿಲ್ಲಿಸಿದೆ, ಪರೀಕ್ಷೆಗೆ ಹೋಗಲಿಲ್ಲ. ನೋವು ಹೋದ ಮೇಲೆ ಡಾಕ್ಟರ ಬಾಗಿಲು ತುಳಿಯುವ ಜಾಯಮಾನ ನನ್ನದಲ್ಲ. ಸೊಂಟ ನೆಟ್ಟಗಾಯಿತು. ಅವತ್ತಿನಿಂದ ನಾನೇ ಅರ್ಧ ಡಾಕ್ಟರಾದೆ. ಇಸ್ತ್ರಿಯವನು ತಲೆನೋವು ಎಂದರೂ, ನಿನಗೆ ಡಿ ಕಡಿಮೆಯಾಗಿದೆ ಕಣೋ ಎನ್ನುತ್ತಿದ್ದೆ.

ಅಕ್ಟೋಬರ್ ಕೊನೆಯಲ್ಲಿ ಒಂದು ದೊಡ್ಡ ಹೋಟೆಲಿನವರು ತಮ್ಮ ಸಿಬ್ಬಂದಿಗೆ ನೂರಾ ಎಂಬತ್ತು ಕೋಟುಗಳ ಕೆಲಸ ಒಪ್ಪಿಸಿದರು. ಕಾಜಾ ಕೈಯದೇ ಆಗಬೇಕು, ಫೆಬ್ರವರಿ 13ಕ್ಕೆ ಕೋಟು ಕೈಸೇರಬೇಕು ಎಂಬುದು ಅವರ ಮಾತು. ಅಷ್ಟು ದೊಡ್ಡ ಕೆಲಸ ನನ್ನ ಜೀವಮಾನದಲ್ಲಿ ಬಂದಿರಲಿಲ್ಲ. ಹೂಂ ಎಂದುಬಿಟ್ಟೆ. ಆದರೆ ಅಕ್ಕನಿಗೆ ಆಗಲೇ ಸೊಂಟ, ಮೊಣಕಾಲು ಎರಡೂ ಮುಷ್ಕರ ಹೂಡಿದ್ದವು. ಮಧ್ಯಾಹ್ನದ ಹೊತ್ತಿಗೆ, ಇನ್ನಾಗಲ್ಲ ಕಣೋ ತಮ್ಮಾ ಎಂದು ಗೋಡೆ ಹಿಡಿದುಕೊಂಡು ಮೇಲೆ ಹೋಗಿ ಮಲಗುತ್ತಿದ್ದಳು. ಅರ್ಧ ದಿನದ ಕಾಜಾದಲ್ಲಿ ಆ ಕೋಟುಗಳು ಮುಗಿಯುವಂತಿರಲಿಲ್ಲ. ಅಕ್ಕನ ನೋವು ನೋಡಲಾರದೆ ಪುಡಿ ಕೊಟ್ಟೆ ಎಂದು ನಾನು ಹೇಳಿಕೊಳ್ಳಬಹುದು, ಅದು ಅರ್ಧ ನಿಜ. ಇನ್ನರ್ಧ, ನನಗೆ ಅವಳು ಸಂಜೆಯವರೆಗೆ ಕೂರುವುದು ಬೇಕಾಗಿತ್ತು.

ಡಾಕ್ಟರ ಹತ್ತಿರ ಹೋಗೋಣ ಎಂದು ಒಂದು ಸಲ ಕೇಳಿದ್ದೆ. ಮಾತ್ರೆ ನುಂಗೋದು ಅಂದ್ರೆ ಕಾಯಿಲೆಗೆ ಕುರ್ಚಿ ಹಾಕಿ ಕೂರಿಸಿದ ಹಾಗೆ, ನನಗೆ ಬೇಡ ಎಂದಳು. ಅವಳ ಹಠ ಗೊತ್ತಿದ್ದರಿಂದ ಮತ್ತೆ ಕೇಳಲಿಲ್ಲ. ನನ್ನ ಹಳೆಯ ಚೀಟಿ ತೋರಿಸಿ ಔಷಧಿ ಅಂಗಡಿಯಿಂದ ಪೊಟ್ಟಣಗಳನ್ನು ತಂದೆ. ಔಷಧಿ ಅಂಗಡಿಯಾಕೆ ಕವರಿನ ಮೇಲೆ ಪೆನ್ನಿನಲ್ಲಿ, ವಾರಕ್ಕೆ 1 ಎಂದು ಬರೆದೇ ಕೊಟ್ಟರು. ಅವರ ತಪ್ಪು ಇದರಲ್ಲಿ ಏನೂ ಇಲ್ಲ.

ನವೆಂಬರ್ 5ರಂದು ಬೆಳಿಗ್ಗೆ ಸುಮಾರು 7-30ಕ್ಕೆ, ಅಕ್ಕನ ಸೊಸೆ ಕೆಲಸಕ್ಕೆ ಹೊರಡುವ ಮೊದಲು, ಎರಡನೇ ಮಹಡಿಯ ಮೆಟ್ಟಿಲ ಬಳಿ ನಿಲ್ಲಿಸಿ ಕವರನ್ನು ಅವಳ ಕೈಗೆ ಕೊಟ್ಟೆ. ಬೆಳಗಿನ ಹಾಲಿನಲ್ಲಿ ದಿನಾ ಒಂದು ಪೊಟ್ಟಣ ಕಲಸಿ ಕೊಡು, ಅತ್ತೆಗೆ ಹೇಳಬೇಡ ಎಂದೆ. ಕನ್ನಡಕದ ಅಂಗಡಿಯಲ್ಲಿ ಇರುವೆಯಷ್ಟು ಅಕ್ಷರ ಓದಿಸಿ ಓದಿಸಿ ಅವಳ ಕಣ್ಣಿಗೆ ಯಾವುದೂ ತಪ್ಪುವುದಿಲ್ಲ. ತಕ್ಷಣ, ಮಾವ, ಇಲ್ಲಿ ವಾರಕ್ಕೆ ಒಂದು ಅಂತ ಬರೆದಿದ್ದಾರಲ್ಲ ಎಂದು ಕೇಳಿದಳು.

ಅದಕ್ಕೆ ನಾನು ಹೇಳಿದ್ದನ್ನು ಇದ್ದ ಹಾಗೇ ಬರೆದುಕೊಳ್ಳಬೇಕು. ನೋಡಮ್ಮಾ, ನಾವು ಬಟ್ಟೆ ಕತ್ತರಿಸುವಾಗ ಅಳತೆಗಿಂತ ಒಂದಿಂಚು ಹೆಚ್ಚಿಗೇ ಬಿಡ್ತೀವಿ. ಹೆಚ್ಚಾದರೆ ಒಳಗೆ ಮಡಚಿ ಹೊಲೀಬಹುದು, ಕಡಿಮೆಯಾದರೆ ಕೋಟೇ ಹಾಳು. ಮೈಯೂ ಹಾಗೇ. ತನಗೆ ಬೇಕಾದಷ್ಟು ಇಟ್ಕೊಂಡು ಮಿಕ್ಕಿದ್ದನ್ನ ಮೂತ್ರದಲ್ಲಿ ಕಳಿಸಿಬಿಡುತ್ತೆ. ವಾರಕ್ಕೊಂದು ಅನ್ನೋದು ಆರಾಮಾಗಿ ಗುಣವಾಗೋರಿಗೆ, ನಮಗೆ ಬೇಗ ಆಗಬೇಕು. ಹೀಗೆಂದೆ. ಮೂವತ್ತೈದು ವರ್ಷ ಬಟ್ಟೆಗೆ ಹೆಚ್ಚುವರಿ ಬಿಟ್ಟು ಒಂದು ದಿನವೂ ಕೆಟ್ಟದ್ದಾಗಿರಲಿಲ್ಲ, ಆ ಧೈರ್ಯದ ಮೇಲೆ ಅಂದೆ. ಸರಿ ಮಾವ, ನೀವು ತಗೊಂಡು ನೋಡಿದ್ದೀರಲ್ಲ ಎಂದು ಅವಳು ಕವರನ್ನು ಚೀಲಕ್ಕೆ ಹಾಕಿಕೊಂಡಳು. ನಾನು ತೆಗೆದುಕೊಂಡದ್ದು ವಾರಕ್ಕೊಂದರಂತೆ ಎಂಬುದನ್ನು ಅವಳಿಗೆ ಹೇಳಲಿಲ್ಲ.

ಅತ್ತೆ ಸೊಸೆಯ ನಡುವೆ ಜಗಳವಿತ್ತೇ ಎಂದು ಸಾಹೇಬರು ಕೇಳಿದರು. ಇತ್ತು. ಫ್ಯಾನು ಎಷ್ಟರಲ್ಲಿ ತಿರುಗಬೇಕು ಎಂಬುದಕ್ಕೆ, ಟಿವಿಯ ಸದ್ದಿಗೆ, ತೊಳೆದ ಪಾತ್ರೆ ಬೋರಲು ಹಾಕಬೇಕೋ ಅಂಗಾತ ಇಡಬೇಕೋ ಎಂಬುದಕ್ಕೆ ದಿನಾ ಜಗಳ. ಅಕ್ಕ ಅವಳನ್ನು ನಮ್ಮ ಮೇಲಧಿಕಾರಿ ಎಂದೇ ಕರೆಯುತ್ತಿದ್ದದ್ದು. ಆದರೆ ಅಕ್ಕನ ತೋಳು ತಲೆಯವರೆಗೆ ಏಳುವುದಿಲ್ಲ, ಹಾಗಾಗಿ ದಿನಾ ಬೆಳಿಗ್ಗೆ ಅವಳ ಜಡೆ ಹೆಣೆಯುತ್ತಿದ್ದದ್ದು ಈ ಹುಡುಗಿಯೇ. ಹೆಣೆಯುವಾಗಲೂ ಇಬ್ಬರದೂ ಬಾಯಿ ನಿಲ್ಲುತ್ತಿರಲಿಲ್ಲ. ಕೆಲಸಕ್ಕೆ ಹತ್ತಿರವಾಗುವಂತೆ ಬೇರೆ ಮನೆ ಮಾಡೋಣ ಎಂದು ಅವಳು ಗಂಡನನ್ನು ಕೇಳಿದ್ದೂ ಹೌದು. ಅತ್ತೆಯನ್ನೂ ಕರೆದುಕೊಂಡು ಹೋಗುವ ಮಾತಾಗಿತ್ತು ಎಂಬುದನ್ನು ಅಕ್ಕನ ಮಗ ದೂರಿನಲ್ಲಿ ಬಿಟ್ಟಿದ್ದರೆ ಅದನ್ನೂ ಸೇರಿಸಿಕೊಳ್ಳಬೇಕು.

ಡಿಸೆಂಬರ್ ಹೊತ್ತಿಗೆ ಅಕ್ಕನ ನೋವು ನಿಜಕ್ಕೂ ಇಳಿಯಿತು. ಮೆಟ್ಟಿಲಿಳಿಯುವಾಗ ಗೋಡೆ ಹಿಡಿಯುವುದನ್ನು ಬಿಟ್ಟಳು. ಸಂಜೆ ಆರರವರೆಗೂ ಕೂತಳು. ಒಳಗೊಳಗೇ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಇನ್ನೂ ಶಕ್ತಿ ಬರಲಿ ಎಂದು ರಾತ್ರಿಯೂ ಒಂದು ಲೋಟ ಬರೀ ಹಾಲು ಕೊಡಿಸಿದೆ. ಮತ್ತೆ ಪೊಟ್ಟಣ ತರಲು ಹೋದಾಗ ಔಷಧಿ ಅಂಗಡಿಯಾಕೆ ತಡೆದು, ಮಾಸ್ಟರ್, ಚೀಟಿಯಲ್ಲಿ ಎಂಟು ವಾರ ಅಂತಿದೆ, ನೀವು ಡಬ್ಬಗಟ್ಟಲೆ ಒಯ್ತಿದ್ದೀರಿ, ಯಾರಿಗೆ ಇದು ಎಂದು ಕೇಳಿದರು. ನಮ್ಮ ಅಂಗಡಿಯ ಐದೂ ಜನ ತಗೊಳ್ತಿದ್ದೀವಿ, ಎಲ್ಲರೂ ಟ್ಯೂಬ್‌ಲೈಟ್ ಕೆಳಗಿನವರೇ ತಾನೇ ಎಂದು ನಗುತ್ತಾ ಸುಳ್ಳು ಹೇಳಿದೆ. ಪರೀಕ್ಷೆ ಮಾಡಿಸದೆ ತಗೋಬೇಡಿ, ಇದು ಜಾಸ್ತಿಯಾದರೆ ಒಳ್ಳೆಯದಲ್ಲ ಎಂದು ಅವರು ಎಚ್ಚರಿಸಿದರು. ಆಯ್ತಮ್ಮಾ ಎಂದು ಪೊಟ್ಟಣ ಜೇಬಿಗಿಳಿಸಿಕೊಂಡು ಬಂದೆ. ಆಮೇಲೆ ಆ ಅಂಗಡಿ ಬಿಟ್ಟು ಬಸ್ ನಿಲ್ದಾಣದ ಹತ್ತಿರದ ಇನ್ನೊಂದರಲ್ಲಿ ಕೊಂಡೆ. ಅಲ್ಲಿ ಯಾರೂ ಏನೂ ಕೇಳಲಿಲ್ಲ.

ಜನವರಿ ಮೊದಲ ವಾರದಿಂದ ಅಕ್ಕನಿಗೆ ಊಟ ಸೇರದಾಯಿತು. ತಟ್ಟೆ ಮುಂದಿಟ್ಟುಕೊಂಡು ಬೇರೆಲ್ಲೋ ನೋಡುತ್ತಿದ್ದಳು. ಮಲಬದ್ಧತೆ, ಹೊಟ್ಟೆ ತೊಳಸುವುದು. ಬಾಯಾರಿಕೆ ಮಾತ್ರ ವಿಪರೀತ, ಒಂದು ಬಾಟಲಿ ನೀರು ಕುಡಿದು ಇನ್ನೊಂದಕ್ಕೆ ಕೈಚಾಚುವಳು. ನಮ್ಮ ಕಟ್ಟಡದ ಶೌಚಾಲಯಕ್ಕೆ ನೆಲಮಾಳಿಗೆಯಿಂದ ಮೇಲಕ್ಕೆ ಹತ್ತಿ ಹಿಂದಕ್ಕೆ ಹೋಗಬೇಕು, ಅಲ್ಲಿಗೆ ಗಂಟೆಗೊಂದು ಸಲ ಹೋಗಿ ಬರತೊಡಗಿದಳು. ನನಗೆ ರೇಗಿತು. ಅಕ್ಕಾ, ಕಾಜಾಕ್ಕಿಂತ ನಿನ್ನ ಓಡಾಟವೇ ಜಾಸ್ತಿ ಆಯ್ತಲ್ಲ ಎಂದೆ. ಏನ್ ಮಾಡಲೋ, ನಲ್ಲಿ ಕೆಟ್ಟಿದೆ ಎಂದು ನಕ್ಕಳು. ಎಲ್ಲರೂ ನಕ್ಕೆವು. ಬಾಯಾರಿಕೆ ಮತ್ತು ಆ ಓಡಾಟ ಎರಡೂ ರಕ್ತದಲ್ಲಿ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ಏರುತ್ತಿರುವುದರ ಗುರುತು ಎಂದು ಈಗ ಡಾಕ್ಟರು ಹೇಳುತ್ತಾರೆ.

ಜನವರಿ 19ರಂದು ಸಂಜೆ ಸೊಸೆ ಕೆಲಸ ಮುಗಿಸಿ ನೇರ ಅಂಗಡಿಗೆ ಬಂದು ನನ್ನನ್ನು ಹೊರಗೆ ಕರೆದಳು. ಮಾವ, ಅತ್ತೆ ಎರಡು ದಿನದಿಂದ ವಾಂತಿ ಮಾಡ್ತಿದ್ದಾರೆ, ಪುಡಿ ನಿಲ್ಲಿಸೋಣ್ವಾ ಎಂದು ಕೇಳಿದಳು. ಮೂಳೆ ಶಕ್ತಿ ಎಳ್ಕೊಳ್ಳುವಾಗ ಹಾಗಾಗುತ್ತೆ, ಈಗ ಬಿಟ್ಟರೆ ಮಾಡಿದ್ದೆಲ್ಲ ನೀರುಪಾಲು ಎಂದೆ. ಯಾವ ಡಾಕ್ಟರೂ ನನಗೆ ಹಾಗೆ ಹೇಳಿರಲಿಲ್ಲ, ಬಾಯಿಗೆ ಬಂದದ್ದನ್ನು ಹೇಳಿದೆ. ಅವಳು ತಲೆಯಾಡಿಸಿ ಹೋದಳು. ನಾಲ್ಕು ದಿನದ ಮೇಲೆ ಹೊಸ ಪೊಟ್ಟಣ ಕೊಡಲು ಹೋದರೆ, ಹಳೆಯವೇ ಉಳಿದಿವೆ ಎಂದು ತಡವರಿಸಿದಳು. ನನ್ನ ಮಾತು ಮೀರಿ ನಿಲ್ಲಿಸಿದ್ದಳು. ಆ ನಾಲ್ಕು ದಿನ ಅಕ್ಕ ಸ್ವಲ್ಪ ಊಟ ಮಾಡಿದ್ದಳು ಎಂದೂ ಹೇಳಿದಳು. ಅದನ್ನು ನಾನು ಕಿವಿಗೆ ಹಾಕಿಕೊಳ್ಳಲೇ ಇಲ್ಲ.

ಮರುದಿನ ಅವಳು ಅತ್ತೆಗೆ ಊಟದ ಡಬ್ಬಿ ಕೊಡಲು ಅಂಗಡಿಗೆ ಇಳಿದಾಗ, ಅಕ್ಕ ಶೌಚಾಲಯಕ್ಕೆಂದು ಮೇಲೆ ಹೋಗಿದ್ದಳು. ಹೊಲಿಗೆಯವರು, ಇಸ್ತ್ರಿಯವನು ಎಲ್ಲರ ಮುಂದೆ ನಾನು ಅವಳನ್ನು ತರಾಟೆಗೆ ತೆಗೆದುಕೊಂಡೆ. ಅತ್ತೆ ಎದ್ದು ಓಡಾಡೋದು ನಿನಗೆ ಬೇಡವಾ, ಬೇರೆ ಮನೆ ಮಾಡೋ ಆತುರ ಅಷ್ಟಿದೆಯಾ ಎಂದೆ. ಅವಳ ಮುಖ ಕೆಂಪಾಯಿತು. ಡಬ್ಬಿಯನ್ನು ಕತ್ತರಿಸುವ ಮೇಜಿನ ಮೇಲಿಟ್ಟು ಹೊರಟುಹೋದಳು. ಮಾರನೇ ದಿನದಿಂದ ಮತ್ತೆ ದಿನಕ್ಕೊಂದು ಪೊಟ್ಟಣ ಶುರುವಾಯಿತು. ಆ ಹುಡುಗಿಗೆ ಅತ್ತೆ ಬೇಡವಾಗಿದ್ದಳು ಎಂದು ಇಸ್ತ್ರಿಯವನು ಠಾಣೆಯಲ್ಲಿ ಹೇಳಿಕೆ ಕೊಟ್ಟಿದ್ದಾನಂತೆ. ಅವನು ಕೇಳಿಸಿಕೊಂಡದ್ದು ನನ್ನ ಬಾಯಿಂದ ಬಂದ ಈ ಮಾತು ಮಾತ್ರ. ಅವಳ ಬಾಯಿಂದ ಅಂಥ ಮಾತು ಅವನೂ ಕೇಳಿಲ್ಲ, ನಾನೂ ಕೇಳಿಲ್ಲ.

ಫೆಬ್ರವರಿ 9ರಂದು ಮಧ್ಯಾಹ್ನ ಅಕ್ಕ ಮುಗಿಸಿಟ್ಟ ಕೋಟುಗಳನ್ನು ಎತ್ತಿ ನೋಡಿದರೆ, ಆರು ಕೋಟಿನ ಕಾಜಾ ಬಲಗಡೆ ಇದ್ದವು. ಗಂಡಸರ ಕೋಟಿಗೆ ಕಾಜಾ ಎಡಗಡೆ. ಇದು ಕೆಲಸಕ್ಕೆ ಸೇರಿದ ಮೊದಲ ದಿನ ಕಲಿಯುವ ಪಾಠ. ಇದೇನೇ ಅಕ್ಕಾ ಎಂದು ಜೋರು ಮಾಡಿದೆ. ಅವಳು ಕೋಟನ್ನು ಬೆಳಕಿಗೆ ಹಿಡಿದು ನೋಡಿ, ಇದು ಯಾರು ಹಾಕಿದ್ದು, ಎಡ ಬಲ ಗೊತ್ತಿಲ್ಲದವರನ್ನೆಲ್ಲ ಯಾಕೋ ಇಟ್ಕೊಂಡಿದ್ದೀಯ ಎಂದಳು. ತಮಾಷೆ ಮಾಡುತ್ತಿದ್ದಾಳೆಂದು ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅವಳು ನಗಲಿಲ್ಲ. ನಮ್ಮನ್ನೇ ಒಬ್ಬೊಬ್ಬರನ್ನಾಗಿ ನೋಡುತ್ತಾ ಕೂತಿದ್ದಳು. ಆಗಲೂ ನನ್ನ ತಲೆಯಲ್ಲಿ ಓಡಿದ್ದು, ಆ ಆರು ಕೋಟುಗಳ ಮುಂಭಾಗವನ್ನು ಹೊಸದಾಗಿ ಕತ್ತರಿಸಲು ಬಟ್ಟೆ ಸಾಲುತ್ತದೆಯೇ ಎಂಬ ಲೆಕ್ಕ.

ಫೆಬ್ರವರಿ 12ರಂದು ಅಂಗಡಿ ಎಂದಿನಂತೆ ಒಂಬತ್ತಕ್ಕೆ ತೆರೆಯಿತು. ಅಕ್ಕ ಇಳಿದು ಬಂದು ತನ್ನ ಜಾಗದಲ್ಲಿ ಕೂತಳು. ಬೆಳಿಗ್ಗೆ 11-20ರ ಹೊತ್ತಿಗೆ ಸೂಜಿಗೆ ದಾರ ಪೋಣಿಸುತ್ತಿದ್ದವಳು ಹಾಗೇ ಪಕ್ಕಕ್ಕೆ ವಾಲಿ ಬಿದ್ದಳು. ತಲೆ ಇಸ್ತ್ರಿ ಮೇಜಿನ ಕಾಲಿಗೆ ತಾಗಲಿಲ್ಲ, ಅಷ್ಟು ಪುಣ್ಯ. ಕೂಗಿದರೆ ಕಣ್ಣು ಬಿಡುತ್ತಿದ್ದಳು, ಯಾರನ್ನೂ ಗುರುತಿಸುತ್ತಿರಲಿಲ್ಲ. ಹೊಲಿಗೆಯವರಿಬ್ಬರೂ ಸೇರಿ ಮೇಲಕ್ಕೆ ಎತ್ತಿದರು. ಬಾಡಿಗೆ ಕಾರಿನಲ್ಲಿ ಸುಮಾರು ಎರಡು ಕಿಲೋಮೀಟರ್ ದೂರದ ದೊಡ್ಡಾಸ್ಪತ್ರೆಗೆ ಕರೆದೊಯ್ದೆ. ದಾರಿಯುದ್ದಕ್ಕೂ ನನ್ನ ತೊಡೆಯ ಮೇಲೆ ಅವಳ ಬಲಗೈ ಬೆರಳುಗಳು ಕಾಜಾ ಹಾಕುವಂತೆ ಆಡುತ್ತಲೇ ಇದ್ದವು.

ಸಂಜೆ ನಾಲ್ಕಕ್ಕೆ ಡಾಕ್ಟರಮ್ಮ ಬಂದು, ರಕ್ತದಲ್ಲಿ ಸುಣ್ಣದ ಅಂಶ ಅಪಾಯದ ಮಟ್ಟಕ್ಕೆ ಏರಿದೆ, ಮೂತ್ರಪಿಂಡಕ್ಕೆ ಪೆಟ್ಟು ಬಿದ್ದಿದೆ, ಇವರಿಗೆ ಏನೇನು ಕೊಡ್ತಿದ್ದೀರಿ ಎಂದು ಕೇಳಿದರು. ನಾನು ಅಕ್ಕನ ಚಪ್ಪಲಿ ಸರಿಸಿಡುವವನಂತೆ ಬಗ್ಗಿದೆ. ಅಷ್ಟರಲ್ಲಿ ಸುದ್ದಿ ಕೇಳಿ ಓಡಿಬಂದಿದ್ದ ಸೊಸೆ, ಕೈಚೀಲದಿಂದ ಪೊಟ್ಟಣ ತೆಗೆದು, ಇದು, ದಿನಾ ಒಂದು, ನವೆಂಬರಿಂದ ಎಂದು ಕೊಟ್ಟಳು. ಡಾಕ್ಟರಮ್ಮ ಪೊಟ್ಟಣವನ್ನು ತಿರುಗಿಸಿ ಓದಿದರು. ಕೆಲವು ವಿಟಮಿನ್ನು ಹೆಚ್ಚಾದರೆ ಮೂತ್ರದಲ್ಲಿ ಹೋಗುತ್ತದೆ, ಇದು ಹಾಗಲ್ಲ, ಕೊಬ್ಬಿನಲ್ಲಿ ಸೇರಿಕೊಂಡು ಒಳಗೇ ಉಳಿಯುತ್ತದೆ, ಇವತ್ತು ನಿಲ್ಲಿಸಿದರೂ ಇಳಿಯಲು ತಿಂಗಳುಗಳು ಬೇಕು ಎಂದು ವಿವರಿಸಿದರು. ಹಾಲಿನಲ್ಲೂ ಸುಣ್ಣದ ಅಂಶವಿದೆ, ಅದನ್ನೂ ನಿಲ್ಲಿಸಿ ಎಂದರು. ಜೀವಕ್ಕೆ ಏನೂ ಆಗಲ್ಲ ಎಂದು ಈಗ ಹೇಳೋಕಾಗಲ್ಲ ಎಂದೂ ಹೇಳಿದರು.

ಏಳು ಗಂಟೆಗೆ ಅಕ್ಕನ ಮಗ ಲಾರಿಯನ್ನು ದಾರಿಯಲ್ಲೇ ಇನ್ನೊಬ್ಬರಿಗೆ ಒಪ್ಪಿಸಿ ಬಂದ. ತಾಯಿಯನ್ನು ನೋಡಿ ಹೊರಗೆ ಬಂದವನು ನೇರ ಹೆಂಡತಿಯ ಮುಂದೆ ನಿಂತು, ನವೆಂಬರ್ ಶುರುವಿನಲ್ಲಿ ಒಂದು ದಿನ ನೀನು ಅಮ್ಮನ ಹಾಲಿಗೆ ಬಿಳೀ ಪುಡಿ ಕಲಸಿದ್ದನ್ನ ನಾನೇ ನೋಡಿದ್ದೆ, ಏನು ಅಂದ್ರೆ ಸಕ್ಕರೆ ಅಂದಿದ್ದೆ, ಈಗ ಹೇಳು ಎಂದು ಗದರಿಸಿದ. ಅತ್ತೆಗೆ ಗೊತ್ತಾಗಬಾರದು ಅಂತ ಹಾಗಂದೆ, ಪುಡಿ ಮಾವ ಕೊಟ್ಟಿದ್ದು, ದಿನಾ ಕೊಡು ಅಂದಿದ್ದೂ ಮಾವನೇ ಎಂದಳು. ಅವನು ಕವರನ್ನು ಕಿತ್ತುಕೊಂಡು ಮೇಲಿದ್ದ ಪೆನ್ನಿನ ಬರಹವನ್ನು ಅವಳ ಕಣ್ಣಿಗೆ ಹಿಡಿದು, ಇದು ಕಾಣಲಿಲ್ವಾ ಎಂದ. ಅವಳು ನನ್ನ ಕಡೆ ತಿರುಗಿ, ಮಾವ, ಹೇಳಿ ಎಂದಳು. ಡಾಕ್ಟರಮ್ಮ, ನರ್ಸು, ಅಕ್ಕನ ಮಗ ಮೂವರೂ ನನ್ನ ಮುಖ ನೋಡಿದರು.

ನಾನು ವಾರಕ್ಕೊಂದು ಅಂತಲೇ ಹೇಳಿದ್ದೆ ಎಂದೆ. ನಾಲಿಗೆ ತೊದಲಲಿಲ್ಲ. ಗಿರಾಕಿಗೆ ಅಳತೆ ಹೇಳುವ ದನಿಯಲ್ಲೇ ಹೇಳಿದೆ. ಅವಳು ವಾದ ಮಾಡಲಿಲ್ಲ, ಕೂಗಾಡಲಿಲ್ಲ. ಹೌದಾ ಮಾವ ಎಂದು ಮಾತ್ರ ಕೇಳಿದಳು. ನಾನು ನೀರು ಕುಡಿಯುವ ನೆಪದಲ್ಲಿ ಅಲ್ಲಿಂದ ಜಾರಿಕೊಂಡೆ. ಯಾಕೆ ಸುಳ್ಳು ಹೇಳಿದಿರಿ ಎಂದು ಸಾಹೇಬರು ಕೇಳಿದ್ದಾರೆ. ಭಯಕ್ಕೆ ಹೇಳಿದೆ. ಅಕ್ಕ ಸತ್ತರೆ ಸಾಯಿಸಿದವನು ನಾನಾಗುತ್ತೇನೆ ಎಂಬ ಭಯ. ಅದಕ್ಕೆ ಮನೆಮಗಳಂತಿದ್ದವಳ ತಲೆಯ ಮೇಲೆ ಗೂಬೆ ಕೂರಿಸಿದೆ. ಬೇರೆ ಕಾರಣ ಹುಡುಕಿದರೂ ನನಗೆ ಸಿಕ್ಕಿಲ್ಲ.

13ರಂದು ಬೆಳಿಗ್ಗೆ ಅಕ್ಕನ ಮಗ ಠಾಣೆಗೆ ಹೋಗಿ ದೂರು ಕೊಟ್ಟ. ಅದೇ ಹೊತ್ತಿಗೆ ನಾನು ಹೋಟೆಲಿಗೆ ಕೋಟು ಒಪ್ಪಿಸಲು ಹೋಗಿದ್ದೆ, ಹದಿನೆಂಟು ಕಡಿಮೆ. ಅಲ್ಲಿಯವರು ಕಾಜಾದ ಮೇಲೆ ಬೆರಳಾಡಿಸಿ, ಕೈ ಅಂದ್ರೆ ಇದು ಎಂದು ಹೊಗಳಿದರು. ನಾನು ಕೈಮುಗಿದು ಬಂದೆ. 14ರಂದು ಬೆಳಿಗ್ಗೆ ಹತ್ತಕ್ಕೆ ಅಂಗಡಿಯಲ್ಲಿ ಕೂತಿದ್ದಾಗ ಕಿಟಕಿಯಲ್ಲಿ ಕಾಲುಗಳು ಹೋದವು. ನಡುವಿನ ಚಪ್ಪಲಿ ಸೊಸೆಯದು ಎಂದು ಗುರುತಾಯಿತು, ಎರಡು ಪಕ್ಕದಲ್ಲೂ ಮಹಿಳಾ ಪೊಲೀಸರ ಬೂಟು. ನಾನು ಮೇಲೆ ಹತ್ತಿ ಬರಲಿಲ್ಲ. ಕತ್ತರಿಸಿದ್ದ ಬಟ್ಟೆಯನ್ನೇ ಮತ್ತೊಮ್ಮೆ ಅಳೆಯುತ್ತಾ ನಿಂತೆ.

ಈ ದಿನ ಮಧ್ಯಾಹ್ನ 1-30ಕ್ಕೆ ಆಸ್ಪತ್ರೆಗೆ ಹೋದಾಗ ಅಕ್ಕನಿಗೆ ಎಚ್ಚರವಿತ್ತು. ಮೂರು ದಿನದಿಂದ ಏರಿಸುತ್ತಿರುವ ಗ್ಲೂಕೋಸು ನೀರಿನಿಂದ ಮತ್ತು ಇಂಜೆಕ್ಷನ್ನಿನಿಂದ ಸುಣ್ಣದ ಅಂಶ ಸ್ವಲ್ಪ ಇಳಿದಿದೆ, ಮೂತ್ರಪಿಂಡದ ವಿಷಯ ಈಗಲೇ ಹೇಳಲಾಗದು ಎಂದು ನರ್ಸು ತಿಳಿಸಿದರು. ಅಕ್ಕ ನನ್ನನ್ನು ಗುರುತಿಸಿದಳು. ಕೂದಲು ಗಂಟುಗಂಟಾಗಿತ್ತು. ಮೇಲಧಿಕಾರಿ ಎಲ್ಲೋ, ನನ್ನ ತಲೆ ನೋಡು, ಹದ್ದು ಗೂಡು ಕಟ್ಟಿದ ಹಾಗಿದೆ ಎಂದಳು. ಕೆಲಸಕ್ಕೆ ಹೋಗಿದ್ದಾಳೆ ಎಂದೆ. ಆಗ ಅವಳು ತಾನಾಗಿಯೇ, ಆ ಹುಡುಗಿಯನ್ನ ಬೈಬೇಡ, ಹಾಲಿನಲ್ಲಿ ಪುಡಿ ಇರೋದು ನನಗೆ ಮೊದಲ ವಾರವೇ ಗೊತ್ತಾಯ್ತು, ಕೇಳಿದ್ದಕ್ಕೆ ಅಳುತ್ತಾ ನಿನ್ನ ಹೆಸರು ಹೇಳಿದಳು, ನನ್ನ ತಮ್ಮ ಕೆಟ್ಟದ್ದು ಕೊಡ್ತಾನಾ ಅಂತ ಕುಡಿದೆ ಎಂದಳು. ಇಷ್ಟು ಹೇಳಿ, ಕೋಟು ಮುಗಿದವಾ ಎಂದು ಕೇಳಿದಳು. ಮುಗಿದವು ಎಂದೆ. ಆಮೇಲೆ ಮತ್ತೆ ಮಂಪರು ಬಂದು ಸಂಬಂಧವಿಲ್ಲದ ಮಾತಾಡತೊಡಗಿದಳು. ಈ ಸ್ಥಿತಿಯಲ್ಲಿ ಅವರ ಮಾತನ್ನು ಹೇಳಿಕೆಯೆಂದು ಪೊಲೀಸರು ತೆಗೆದುಕೊಳ್ಳಲಾರರು ಎಂದು ಡಾಕ್ಟರಮ್ಮ ಹೇಳಿದರು. ಹಾಗಾದರೆ ಉಳಿದದ್ದು ನನ್ನ ಮಾತೊಂದೇ. ಆಸ್ಪತ್ರೆಯಿಂದ ನೇರ ಇಲ್ಲಿಗೆ ನಡೆದು ಬಂದೆ.

ಒಳಗೆ ಬರುವಾಗ ಸೊಸೆ ಬೆಂಚಿನ ಮೇಲಿದ್ದಳು. ನನ್ನನ್ನು ಕಂಡು ಎದ್ದು ನಿಂತು, ಅತ್ತೆ ಏನಾದ್ರೂ ತಿಂದ್ರಾ ಎಂದು ಕೇಳಿದಳು. ನಾನು ನೇರ ಒಳಗೆ ಬಂದೆ.

ಮೇಲಿನಷ್ಟನ್ನು ಬರೆದುಕೊಂಡು, ಸಾಹೇಬರ ಸಮ್ಮುಖದಲ್ಲಿ ಸಂಜೆ 5-15ಕ್ಕೆ ನನಗೆ ಗಟ್ಟಿಯಾಗಿ ಓದಿ ಹೇಳಿದರು. ಕೋಣೆಯ ಬಾಗಿಲು ತೆರೆದಿತ್ತು. ಓದಿ ಮುಗಿದ ಮೇಲೆ, ಇನ್ನೇನಾದರೂ ಸೇರಿಸುವುದಿದೆಯೇ ಎಂದು ಸಾಹೇಬರು ಕೇಳಿದರು. ಇಲ್ಲ ಎಂದೆ. ಸಹಿಗೆ ಪೆನ್ನು ಕೊಟ್ಟರು. ಆಗ ಹೊರಗಿನ ಬೆಂಚಿನಿಂದ, ಮಾವ, ಅತ್ತೆ ಬಿದ್ದ ದಿನ ಬೆಳಿಗ್ಗೆ ನಾನು ಕೆಳಗೆ ಬಂದಿದ್ದೆನಲ್ಲ, ಅದನ್ನ ಹೇಳಲಿಲ್ಲ ಎಂದು ಸೊಸೆಯ ದನಿ ಕೇಳಿತು. ಸಾಹೇಬರು ಪೆನ್ನನ್ನು ವಾಪಸ್ಸು ತೆಗೆದುಕೊಂಡರು. ಅವರು ಕೇಳಿದ್ದರ ಮೇಲೆ ಕೆಳಗಿನದನ್ನು ಸೇರಿಸುತ್ತಿದ್ದೇನೆ.

ಫೆಬ್ರವರಿ 12ರಂದು ಬೆಳಿಗ್ಗೆ ಎಂಟಕ್ಕೆ ಮೊದಲು, ನಾನು ಕೋಣೆಯಲ್ಲಿ ಮುಖ ತೊಳೆಯುತ್ತಿದ್ದಾಗ, ಅವಳು ಬರಿಗಾಲಲ್ಲಿ ಮೆಟ್ಟಿಲಿಳಿದು ಬಂದಳು. ಮಾವ, ಜಡೆ ಹಾಕೋಕೆ ಕೂತರೆ ಅತ್ತೆ ನನ್ನನ್ನ ಯಾರಮ್ಮ ನೀನು ಅಂದ್ರು, ನನಗೆ ಭಯ ಆಗ್ತಿದೆ, ರಜೆ ಹಾಕ್ತೀನಿ, ಈಗಲೇ ಡಾಕ್ಟರ ಹತ್ತಿರ ಕರ್ಕೊಂಡು ಹೋಗೋಣ ಎಂದಳು. ಇನ್ನೂ ಹದಿನೆಂಟು ಕೋಟು ಬಾಕಿ ಇವೆ, ನಾಳೆ ಕೊಟ್ಟುಬಿಟ್ಟು ನಾಡಿದ್ದು ಹೋಗೋಣ ಎಂದೆ. ಅವಳು ಹೋಗದೆ ಬಾಗಿಲಲ್ಲೇ ನಿಂತಿದ್ದಳು. ನಾನು ಟವೆಲಿನಿಂದ ಮುಖ ಒರೆಸಿಕೊಳ್ಳುತ್ತಾ, ಇವತ್ತಿನ ಹಾಲು ಕೊಟ್ಟು ಹೋಗು, ಮರೀಬೇಡ ಎಂದೆ. ಅವಳು ಮೇಲೆ ಹೋಗಿ ಕೊಟ್ಟಳು.

ಇದನ್ನು ಹೇಳಲು ಮರೆತಿದ್ದಿರಾ ಎಂದು ಸಾಹೇಬರು ಕೇಳಿದರು. ಮರೆತಿರಲಿಲ್ಲ.

ಹೇಳಿಕೆ ಈಗ ಪೂರ್ತಿಯಾಗಿದೆ. ಸೇರಿಸಿದ ಭಾಗವನ್ನೂ ಓದಿ ಹೇಳಿದರು, ಬಾಗಿಲಲ್ಲಿ ನಿಂತು ಅಕ್ಕನ ಸೊಸೆಯೂ ಕೇಳಿಸಿಕೊಂಡು ಹೌದು ಎಂದಳು. ಅವಳ ಹೌದಿನ ಮೇಲೆ ನಾನು ಸಹಿ ಮಾಡಿದ್ದೇನೆ.

ಸ್ಥಳ: ಠಾಣೆಯ ವಿಚಾರಣಾ ಕೋಣೆ
ದಿನಾಂಕ: ಫೆಬ್ರವರಿ 15, ಸಂಜೆ 5-50

ಹೇಳಿಕೆ ಕೊಟ್ಟವನ ಸಹಿ
(ಸಹಿ ಮಾಡಲಾಗಿದೆ)

ನನ್ನ ಸಮಕ್ಷಮ ಬರೆದುಕೊಳ್ಳಲಾಯಿತು
(ಠಾಣಾಧಿಕಾರಿ)